ಕನ್ನಡಕ ಮರೆತು ಬಂದ ಅಪ್ಪ

ಕಳೆದ ತಿಂಗಳು ಒಂದು ಶನಿವಾರ ನಾನು ನಾಲ್ಕನೇ ತರಗತಿಗೆ ಹೋಗಿ ಕೂತೆ.

ಕೂತೆ ಎನ್ನುವುದಕ್ಕಿಂತ ಸಿಕ್ಕಿಹಾಕಿಕೊಂಡೆ ಎನ್ನುವುದು ಸರಿ. ಒಂಬತ್ತು ವರ್ಷದ ಮಕ್ಕಳಿಗೆಂದು ಮಾಡಿದ ಬೆಂಚು. ಮೊಣಕಾಲು ಎದುರಿನ ಡೆಸ್ಕಿಗೆ ತಾಗುತ್ತದೆ, ಬೆನ್ನು ಹಿಂದಿನ ಡೆಸ್ಕಿಗೆ ತಾಗುತ್ತದೆ. ಪಕ್ಕದಲ್ಲಿ ಮಗಳು ಸನ್ಮತಿ. ಸುತ್ತ ನನ್ನ ಹಾಗೆಯೇ ಮಡಚಿಕೊಂಡು ಕೂತ ಅಪ್ಪಂದಿರು, ಅಮ್ಮಂದಿರು. ಒಬ್ಬರು ಬ್ಯಾಂಕ್ ಮ್ಯಾನೇಜರ್, ಒಬ್ಬರು ಹಲ್ಲಿನ ಡಾಕ್ಟರ್, ಒಬ್ಬರು ದುಬೈಯಿಂದ ರಜೆಗೆ ಬಂದವರು. ಬೋರ್ಡಿನ ಮೇಲೆ ಬಣ್ಣದ ಚಾಕಿನಲ್ಲಿ ‘ಪೇರೆಂಟ್ಸ್ ವರ್ಕ್‌ಶಾಪ್: ರೀಡಿಂಗ್ ಆ್ಯಂಡ್ ಫ್ರ್ಯಾಕ್ಷನ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದು, ಸುತ್ತ ಹೂಬಳ್ಳಿ ಬಿಡಿಸಿದ್ದರು.

ಅಂದರೆ, ಮಕ್ಕಳಿಗೆ ಮನೆಯಲ್ಲಿ ಓದು ಮತ್ತು ಭಿನ್ನರಾಶಿ ಕಲಿಸುವುದು ಹೇಗೆ ಎಂದು ದೊಡ್ಡವರಿಗೆ ಪಾಠ. ವಾಟ್ಸಾಪ್ ಗ್ರೂಪಿಗೆ ಬಂದ ಮೆಸೇಜಿನಲ್ಲಿ ‘ಅಟೆಂಡೆನ್ಸ್ ಕಂಪಲ್ಸರಿ’ ಎಂದಿತ್ತು. ಶಾಲೆ ಬಿಟ್ಟು ಇಷ್ಟು ವರ್ಷವಾದರೂ ಆ ಶಬ್ದ ಕಂಡರೆ ರಜಾ ಅರ್ಜಿಗೆ ಕಾಗದ ಹುಡುಕುತ್ತೇನೆ ನೋಡಿ.

(ಶಾಲೆಯ ಹೆಸರು ಕೇಳಬೇಡಿ. ಹೆಸರು ಹೇಳಿದರೆ ಅದೊಂದೇ ಹಾಗೆ ಎಂದು ನೀವು ಸಮಾಧಾನ ಮಾಡಿಕೊಳ್ಳುತ್ತೀರಿ.)

ನಮಗೆ ಇಂಥ ಪಾಠದ ಅಗತ್ಯ ಇತ್ತೇ ಎಂದರೆ, ಇತ್ತು. ನಮ್ಮ ಮನೆಯ ಸಂಜೆಯನ್ನು ನೀವು ನೋಡಬೇಕು.

ನಾವು ಜೈನರು. ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ರಾತ್ರಿಯ ಊಟ ಮುಗಿಯಬೇಕು. ಅತ್ತೆ ಇದನ್ನು ಹುಟ್ಟಿದಂದಿನಿಂದ ನಡೆಸಿಕೊಂಡು ಬಂದವರು. ನಾನು ಮೂಡುಬಿದಿರೆಯ ಆಫೀಸಿನಿಂದ ಬೇಗ ಹೊರಟು ಬರುವುದು, ನನ್ನ ಗಂಡ ಬಿ.ಸಿ.ರೋಡಿನ ಹಾರ್ಡ್‌ವೇರ್ ಅಂಗಡಿಯನ್ನು ಕೆಲಸದವರಿಗೆ ಒಪ್ಪಿಸಿ ಒಂದು ಗಳಿಗೆ ಬಂದು ಹೋಗುವುದು, ಎಲ್ಲ ಆ ಊಟಕ್ಕಾಗಿಯೇ. ಇಡೀ ದಿನದಲ್ಲಿ ನಾಲ್ಕೂ ಜನ ಒಟ್ಟಿಗೆ ಕೂರುತ್ತಿದ್ದ ಹೊತ್ತು ಅದೊಂದೇ.

ಸನ್ಮತಿ ನಾಲ್ಕನೇ ತರಗತಿಗೆ ಬಂದ ಮೇಲೆ ಆ ಹೊತ್ತು ಹೋಮ್‌ವರ್ಕಿನ ಪಾಲಾಯಿತು.

ಶಾಲೆಯ ಬಸ್ಸು ಬರುವುದು ಐದು ಗಂಟೆಯ ಮೇಲೆ. ಬಂದವಳು ಶೂ ಬಿಚ್ಚುವ ಮೊದಲೇ ಫೋನಿನಲ್ಲಿ ಮೆಸೇಜು. ಗಣಿತದ ವರ್ಕ್‌ಶೀಟ್ ಮುಗಿಸಿ ಫೋಟೋ ತೆಗೆದು ಕಳಿಸಬೇಕು. ಇಂಗ್ಲಿಷ್ ಕತೆಯನ್ನು ಗಟ್ಟಿಯಾಗಿ ಓದಿಸಿ, ಅದನ್ನು ರೆಕಾರ್ಡ್ ಮಾಡಿ ಕಳಿಸಬೇಕು. ನಿಮಿಷಕ್ಕೆ ಎಷ್ಟು ಪದ ಓದಿದಳು ಎಂದು ಬರೆಯಬೇಕು. ಕತ್ತಲಾದ ಮೇಲೆ ಕಳಿಸಿದರೆ ‘ಲೇಟ್’.

ಒಳಗಿನಿಂದ ಅತ್ತೆ ಕರೆಯುತ್ತಾರೆ, “ಹೊತ್ತು ಕಂತುತ್ತದೆ, ಮಗುವನ್ನು ಕಳಿಸು.”

“ಎರಡು ಲೆಕ್ಕ ಉಂಟು ಅತ್ತೆ.”

“ಎಂತ ಲೆಕ್ಕವೋ. ಶಾಲೆಗೆ ಇವಳನ್ನು ಕಳಿಸಿದ್ದಾ, ಶಾಲೆಯೇ ಇಲ್ಲಿಗೆ ಬಂದದ್ದಾ?”

ಕೊನೆಗೆ ಅತ್ತೆ ಒಬ್ಬರೇ ಉಂಡು ಎದ್ದರು. ಮಗು ಆಮೇಲೆ ದೀಪದ ಬೆಳಕಿನಲ್ಲಿ ಒಂದು ಕೈಯಲ್ಲಿ ಪೆನ್ಸಿಲ್ ಹಿಡಿದು ಉಂಡಳು. ಒಂದು ದಿನವಾದರೆ ಪರವಾಗಿಲ್ಲ. ಜೂನ್‌ನಿಂದ ಹೀಗೆಯೇ ನಡೆದಿದೆ.

ಇಷ್ಟೆಲ್ಲ ಮಾಡಿ ಮಗು ಕಲಿತದ್ದೇನು? ಒಂದು ಸಂಜೆ ಸನ್ಮತಿ ನಾಯಿಯ ಕತೆಯೊಂದನ್ನು ಓದಿದಳು. ನೀರು ಹರಿದ ಹಾಗೆ ಓದಿದಳು. ರೆಕಾರ್ಡ್ ಮಾಡಿ ಕಳಿಸಿದೆ. ತಕ್ಷಣ ‘ಎಕ್ಸಲೆಂಟ್’ ಎಂದು ಉತ್ತರ ಬಂತು, ಜೊತೆಗೊಂದು ನಕ್ಷತ್ರ. ನನಗೆ ಏನೋ ಅನುಮಾನ.

“ಕತೆಯಲ್ಲಿ ಆ ನಾಯಿಗೆ ಕೊನೆಗೆ ಏನಾಯಿತು ಮಗಾ?”

ಅವಳು ಪುಸ್ತಕ ತಿರುವಿ ನೋಡಿದಳು. “ಗೊತ್ತಿಲ್ಲ ಅಮ್ಮ. ಅದು ಕ್ವೆಶ್ಚನ್‌ನಲ್ಲಿ ಇಲ್ಲ.”

ನಾಯಿ ಸತ್ತುಹೋಗಿತ್ತು. ಆ ಹುಡುಗಿ ಅದರ ಸಾವನ್ನು ನಗುನಗುತ್ತಾ ಓದಿ ನಕ್ಷತ್ರ ತೆಗೆದುಕೊಂಡಿದ್ದಳು.

ಹಾಗಾಗಿ ವರ್ಕ್‌ಶಾಪಿಗೆ ನಾನು ಸ್ವಲ್ಪ ಆಸೆಯಿಂದಲೇ ಹೋಗಿದ್ದೆ. ಅರ್ಥ ಮಾಡಿಸುವ ದಾರಿ ಯಾರಾದರೂ ಹೇಳಿಯಾರು ಎಂದು.

ಅಲ್ಲಿ ಕೊನೆಯ ಬೆಂಚಿನಲ್ಲಿ ವಸಂತಣ್ಣ ಕೂತಿದ್ದರು.

ವಸಂತಣ್ಣ ಯಾರೆಂದು ಹೇಳಬೇಕು. ನಾನು ದಿನವೂ ಹೋಗುವ ಬಿ.ಸಿ.ರೋಡ್–ಮೂಡುಬಿದಿರೆ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಅವರ ಮಗಳು ಧನ್ಯ ಮತ್ತು ಸನ್ಮತಿ ಒಂದೇ ಕ್ಲಾಸು, ಒಂದೇ ಬೆಂಚು, ಒಂದೇ ಟಿಫಿನ್ ಬಾಕ್ಸು. ವಸಂತಣ್ಣ ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಬಸ್ಸು ಸಿದ್ದಕಟ್ಟೆಯಲ್ಲಿ ನಿಂತ ಐದು ನಿಮಿಷದಲ್ಲಿ ಪೇಪರ್ ಬಿಡಿಸಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಣ್ಣಾಡಿಸುತ್ತಾರೆ. ನಾನು ಬರೆಯುವ ಈ ಅಂಕಣವನ್ನೂ ಬಿಡುವುದಿಲ್ಲ. “ಮೇಡಂ, ಈ ಸರ್ತಿ ಸ್ವಲ್ಪ ಉದ್ದ ಆಯಿತು” ಎಂದು ಟಿಕೆಟಿನ ಜೊತೆಗೆ ವಿಮರ್ಶೆಯನ್ನೂ ಹರಿದು ಕೊಡುವವರು. (ಸಂಪಾದಕರಿಗಿಂತ ಅವರಿಗೇ ನಾನು ಹೆಚ್ಚು ಹೆದರುತ್ತೇನೆ.)

ಆ ದಿನ ಅವರ ಹೆಂಡತಿಗೆ ಗೇರುಬೀಜದ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲವಂತೆ. ಹಾಗಾಗಿ ಇವರು ಬಸ್ಸಿಗೆ ಬದಲಿ ಕಂಡಕ್ಟರನ್ನು ಹತ್ತಿಸಿ ಬಂದಿದ್ದರು. ಖಾಕಿಯ ಬದಲು ಇಸ್ತ್ರಿ ಮಾಡಿದ ಬಿಳಿ ಅಂಗಿ. ನನ್ನನ್ನು ಕಂಡು ಕತ್ತು ಅಲ್ಲಾಡಿಸಿದರು. ಬಸ್ಸಿನಲ್ಲಿ ಅಷ್ಟು ಗಟ್ಟಿ ದನಿಯವರು ಅಲ್ಲಿ ಒಂದೂ ಮಾತಾಡಲಿಲ್ಲ. ಪಕ್ಕದಲ್ಲಿ ಧನ್ಯ, ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಪಾಠ ಮಾಡಲು ಹೊರಗಿನಿಂದ ಟ್ರೈನರ್ ಒಬ್ಬರು ಬಂದಿದ್ದರು. ಕಾಲರಿಗೆ ಮೈಕು. ಒಳ್ಳೆಯ ಮನುಷ್ಯ, ನಗುಮುಖ. ಮಕ್ಕಳ ಓದು ಮನೆಯಲ್ಲಿ ಶುರುವಾಗುತ್ತದೆ, ಅಪ್ಪ ಅಮ್ಮನೇ ಮೊದಲ ಟೀಚರ್, ದಿನವೂ ಮಲಗುವ ಮೊದಲು ಮಗುವಿಗೆ ಕತೆ ಓದಿ ಹೇಳಿ ಎಂದೆಲ್ಲ ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ತಲೆಯಾಡಿಸಿದೆವು. ಅಷ್ಟಕ್ಕೇ ನಿಂತಿದ್ದರೆ ಚಹಾ ಕುಡಿದು ಮನೆಗೆ ಬರಬಹುದಿತ್ತು.

“ಈಗ ಒಂದು ಆಕ್ಟಿವಿಟಿ ಮಾಡುವ” ಎಂದರು ಅವರು. “ಪ್ರತಿಯೊಬ್ಬ ಪೇರೆಂಟ್ ಎದ್ದು ನಿಂತು ತಮ್ಮ ಮಗುವಿಗೆ ಈ ಇಂಗ್ಲಿಷ್ ಪುಸ್ತಕದಿಂದ ಒಂದು ಪ್ಯಾರಾ ಓದಿ ಹೇಳಬೇಕು. ಮನೆಯಲ್ಲಿ ಹೇಗೆ ಓದ್ತೀರೋ ಹಾಗೆಯೇ.”

ಮನೆಯಲ್ಲಿ ಹೇಗೆ ಓದುತ್ತೇವೆ? ಮನೆಯಲ್ಲಿ ಯಾರು ಓದುತ್ತಾರೆ? ಆದರೂ ಬ್ಯಾಂಕ್ ಮ್ಯಾನೇಜರ್ ಎದ್ದು ಲೋನಿನ ಕರಾರು ಓದಿದ ಹಾಗೆ ಓದಿದರು. ಹಲ್ಲಿನ ಡಾಕ್ಟರು ಅಭಿನಯ ಸಹಿತ ಓದಿದರು, ಚಪ್ಪಾಳೆ ಬಿತ್ತು. ನಾನೂ ಓದಿದೆ. ಒಂದು ಕಡೆ ತಡವರಿಸಿದಾಗ ಸನ್ಮತಿ ನನ್ನ ಸೀರೆಯ ಅಂಚು ಎಳೆದಳು. ಅಮ್ಮ ಮಾನ ಕಳೆಯುತ್ತಿದ್ದಾಳೆ ಎಂದು.

ಪುಸ್ತಕ ಬೆಂಚಿನಿಂದ ಬೆಂಚಿಗೆ ಹಿಂದಕ್ಕೆ ಸರಿಯುತ್ತಾ ಹೋಯಿತು. ನಾನು ತಿರುಗಿ ನೋಡಿದೆ. ವಸಂತಣ್ಣ ಎದ್ದು ನಿಂತಿದ್ದರು. ಕೈಯಲ್ಲಿ ಪುಸ್ತಕ. ಪುಟವನ್ನು ಮುಂದೆ ತಿರುವಿದರು, ಹಿಂದೆ ತಿರುವಿದರು.

ಅಷ್ಟರಲ್ಲಿ ಧನ್ಯ ಎದ್ದು ನಿಂತಳು.

“ಸರ್, ಮೈ ಫಾದರ್ ಫರ್ಗಾಟ್ ಹಿಸ್ ಸ್ಪೆಕ್ಸ್ ಎಟ್ ಹೋಮ್.”

ಒಂದೂ ತಪ್ಪಿಲ್ಲದ ವಾಕ್ಯ. ವಸಂತಣ್ಣನಿಗೆ ಕನ್ನಡಕವೇ ಇಲ್ಲ. ಬಸ್ಸಿನ ಹಿಂದಿನ ಬಾಗಿಲಲ್ಲಿ ನೇತಾಡುತ್ತಲೇ ಮುಂದೆ ಹೋಗುವ ಬಸ್ಸಿನ ಬೋರ್ಡ್ ಓದುವ ಮನುಷ್ಯ ಅವರು.

ಇಲ್ಲಿಗೆ ಮುಗಿಯಬೇಕಿತ್ತು. ಟ್ರೈನರ್ ಒಳ್ಳೆಯ ಮನುಷ್ಯ ಎಂದೆನಲ್ಲ, ಅದೇ ತೊಂದರೆಯಾಯಿತು. “ನೋ ಪ್ರಾಬ್ಲಂ” ಎಂದು ನಗುತ್ತಾ ಹಿಂದಿನ ಬೆಂಚಿನವರೆಗೆ ನಡೆದುಹೋಗಿ, ತಮ್ಮ ಕನ್ನಡಕವನ್ನೇ ತೆಗೆದು ವಸಂತಣ್ಣನ ಕೈಗೆ ಕೊಟ್ಟರು. ಪಾಪ, ಸಹಾಯ ಮಾಡಲೆಂದೇ.

ವಸಂತಣ್ಣ ಮಗಳ ಮುಖ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡರು. ಪುಸ್ತಕವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಇಡೀ ಕ್ಲಾಸು ಕುತ್ತಿಗೆ ತಿರುಗಿಸಿ ನೋಡುತ್ತಿತ್ತು. ಕೊನೆಗೆ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ ಹಿಂದೆ ಕೊಟ್ಟರು.

“ಪವರ್ ಬೇರೆ ಉಂಟು ಸರ್. ಆಗುವುದಿಲ್ಲ.”

ಯಾರೋ ಸಣ್ಣಗೆ ನಕ್ಕರು. ನನಗೆ ಸುಮ್ಮನಿರಲಾಗಲಿಲ್ಲ. ಕೈಯೆತ್ತಿ ಕೇಳಿದೆ, “ಸರ್, ಕನ್ನಡ ಪುಸ್ತಕ ಓದಿ ಹೇಳಿದರೆ ಆಗುವುದಿಲ್ಲವಾ? ಮಗು ಕತೆ ಕೇಳಬೇಕು, ಅಷ್ಟೇ ಅಲ್ವಾ?”

“ವೆರಿ ಗುಡ್ ಕ್ವೆಶ್ಚನ್ ಮೇಡಂ” ಎಂದರು ಅವರು. (ನಿಮಗೆ ಗೊತ್ತಿರಲಿ, ವೆರಿ ಗುಡ್ ಕ್ವೆಶ್ಚನ್ ಎಂದರೆ ಉತ್ತರ ಕೊಡುವುದಿಲ್ಲ ಎಂದರ್ಥ.) “ಆದರೆ ನಮ್ಮ ಗೋಲ್ ಇಂಗ್ಲಿಷ್ ರೀಡಿಂಗ್ ಅಲ್ವಾ? ಮನೆಯ ವಾತಾವರಣವೇ ಹಾಗಿರಬೇಕು.”

ಅಲ್ಲಿಗೆ ಓದು ಮುಗಿದು ಭಿನ್ನರಾಶಿ ಶುರುವಾಯಿತು. ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸಿದೆವು. ವಸಂತಣ್ಣ ಮತ್ತೆ ತಲೆಯೆತ್ತಲಿಲ್ಲ. ದಿನವೂ ಒಂದು ಇಡೀ ಪತ್ರಿಕೆ ಓದುವ ಮನುಷ್ಯ ಆ ಕೋಣೆಯ ಬಾಗಿಲು ದಾಟಿದ ಕೂಡಲೇ ಅನಕ್ಷರಸ್ಥನಾದದ್ದು ಹೇಗೆ? ನನ್ನನ್ನು ಕೇಳಬೇಡಿ. ಆ ದಿನ ಅಲ್ಲಿ ಕೂತವರಲ್ಲಿ ಹೀಗೊಂದು ಪ್ರಶ್ನೆ ಉಂಟು ಎಂದೇ ಹೆಚ್ಚಿನವರಿಗೆ ಅನ್ನಿಸಿದಂತಿರಲಿಲ್ಲ.

ಮುಂದಿನ ವಾರ ಗ್ರೂಪಿಗೆ ಇನ್ನೊಂದು ಮೆಸೇಜು. ‘ಬೆಟರ್ ಲರ್ನಿಂಗ್’ಗಾಗಿ ನಾಲ್ಕನೇ ತರಗತಿಯನ್ನು ಓದಿನ ಮಟ್ಟ, ಗಣಿತದ ಮಟ್ಟ ನೋಡಿ ಹೊಸದಾಗಿ ವಿಂಗಡಿಸಲಾಗಿದೆ. ಟೆಸ್ಟಿನ ಮಾರ್ಕು, ಓದಿನ ರೆಕಾರ್ಡಿಂಗು, ಮನೆಯಲ್ಲಿ ಮಾಡಿ ತರುವ ಭಿನ್ನರಾಶಿಯ ಮಾಡೆಲ್ಲು, ಇಷ್ಟನ್ನು ನೋಡಿ ತೀರ್ಮಾನ.

ಸನ್ಮತಿ ಎ ಸೆಕ್ಷನ್. ಧನ್ಯ ಸಿ ಸೆಕ್ಷನ್.

ಸನ್ಮತಿಯ ಮಾಡೆಲ್ ಬಹಳ ಚಂದ ಇತ್ತು. ಇರದೆ ಏನು? ಅಂಗಡಿಯಿಂದ ಥರ್ಮೋಕೋಲ್ ತಂದು ಬ್ಲೇಡಿನಲ್ಲಿ ಗುಂಡಗೆ ಕತ್ತರಿಸಿದ್ದು ನನ್ನ ಗಂಡ. ಬಣ್ಣ ಬಳಿದದ್ದು, ಅಂಕಿ ಬರೆದದ್ದು ನಾನು. ಮಗು ಮಾಡಿದ್ದು ಒಂದೇ ಕೆಲಸ, ಅದನ್ನು ಮುರಿಯದೆ ಶಾಲೆಯ ಬಸ್ಸಿಗೆ ಹತ್ತಿಸಿದ್ದು. ಧನ್ಯ ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ತಾನೇ ಕತ್ತರಿಸಿ ಮಾಡಿದ್ದಳಂತೆ. ತುಂಡುಗಳು ಸಮ ಇರಲಿಲ್ಲವಂತೆ. ಮಾರ್ಕು ಹೋಯಿತು.

ಎ, ಬಿ, ಸಿ ಎಂದು ವಿಂಗಡಿಸಿದ್ದು ಮಕ್ಕಳನ್ನೋ ನಮ್ಮನ್ನೋ?

ಧನ್ಯ ಪಕ್ಕದಲ್ಲಿ ಇಲ್ಲ ಎಂದು ಸನ್ಮತಿ ಆ ದಿನ ಅತ್ತುಕೊಂಡು ಬಂದಳು. ಟಿಫಿನ್ ಬಾಕ್ಸು ಹಾಗೆಯೇ ತುಂಬಿಕೊಂಡಿತ್ತು. ಅತ್ತೆ ಕೇಳಿದರು, “ಯಾಕೆ, ಆ ಮಗು ಏನು ತಪ್ಪು ಮಾಡಿದ್ದು?”

ನಾನು ರಜೆ ಹಾಕಿ ಪ್ರಿನ್ಸಿಪಾಲರನ್ನು ನೋಡಲು ಹೋದೆ. ಎ.ಸಿ. ಕೋಣೆ. ಗೋಡೆಯಲ್ಲಿ ‘ಎವೆರಿ ಚೈಲ್ಡ್ ಈಸ್ ಸ್ಪೆಷಲ್’ ಎಂಬ ಫ್ರೇಮು. ಪ್ರಿನ್ಸಿಪಾಲ್ ಮೇಡಂ ಮರ್ಯಾದೆಯಿಂದಲೇ ಕೂರಿಸಿದರು. ಮಕ್ಕಳನ್ನು ಹೀಗೆ ಬೇರೆ ಮಾಡುವುದು ಸರಿಯೇ, ಮನೆಯಲ್ಲಿ ಇಂಗ್ಲಿಷ್ ಬಾರದ ಮಕ್ಕಳನ್ನೆಲ್ಲ ಒಂದೇ ಕಡೆ ತುಂಬಿಸಿದರೆ ಅವರು ಯಾರಿಂದ ಕಲಿಯಬೇಕು ಎಂದು ಕೇಳಿದೆ. ಅವರು ಕಂಪ್ಯೂಟರಿನಲ್ಲಿ ಏನೋ ಹುಡುಕಿದರು.

“ಸನ್ಮತಿಯ ತಾಯಿ ಅಲ್ವಾ ನೀವು?”

“ಹೌದು.”

“ನಿಮ್ಮ ಮಗು ಎ ಸೆಕ್ಷನ್‌ನಲ್ಲಿ ಉಂಟಲ್ಲ ಮೇಡಂ. ಮತ್ತೆ ನಿಮಗೇನು ತೊಂದರೆ?”

ಕೋಪದಿಂದ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಕಂಪ್ಲೇಂಟ್ ಹಿಡಿದುಕೊಂಡು ಬರುವುದು ಸಿ ಸೆಕ್ಷನ್‌ನವರು. ಎ ಸೆಕ್ಷನ್‌ನವರು ಬರುವುದು ಥ್ಯಾಂಕ್ಸ್ ಹೇಳಲು.

“ಆ ಮಕ್ಕಳಿಗೆ ಹೋಮ್ ಸಪೋರ್ಟ್ ಕಡಿಮೆ. ನಾವು ಪೋರ್ಷನ್ ಮುಗಿಸಬೇಕಲ್ಲ?” ಎಂದು ಅವರೇ ಮಾತು ಮುಗಿಸಿದರು.

ಪೋರ್ಷನ್ ಮುಗಿಸುವುದು ಶಾಲೆ, ಕಲಿಸುವುದು ಮನೆ. ಇಷ್ಟು ಸರಳವಾದದ್ದು ನನಗೆ ಜೂನ್‌ನಿಂದ ಹೊಳೆದಿರಲಿಲ್ಲ ನೋಡಿ.

ಮಾರನೆಯ ದಿನ ಬಸ್ಸಿನಲ್ಲಿ ವಸಂತಣ್ಣ ಸಿಕ್ಕಿದರು. ಮಾಮೂಲಿನಂತೆ ಟಿಕೆಟ್ ಕೊಟ್ಟು ಮುಂದೆ ಹೋದರು. ಪೇಪರ್ ಇತ್ತು, ಬಿಡಿಸಿರಲಿಲ್ಲ. ಸಿದ್ದಕಟ್ಟೆಯಲ್ಲಿ ಜನ ಇಳಿದ ಮೇಲೆ ಎದುರಿನ ಸೀಟಿಗೆ ಬಂದು ಕೂತರು. (ನಮ್ಮ ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

“ನೀವು ಶಾಲೆಗೆ ಹೋಗಿದ್ದಿರಂತೆ. ಧನ್ಯ ಹೇಳಿದಳು. ಯಾಕೆ ಮೇಡಂ ಸುಮ್ಮನೆ?”

“ಸುಮ್ಮನೆ ಅಲ್ಲ ವಸಂತಣ್ಣ. ಅವರು ಮಾಡಿದ್ದು ಸರಿಯಾ?”

“ತಪ್ಪು ನಮ್ಮದೇ ಅಲ್ವಾ? ಕಲಿಸಲಿಕ್ಕೆ ಆಗದವರು ಅಂಥ ಶಾಲೆಗೆ ಹಾಕಬಾರದಿತ್ತು.”

“ಕಲಿಸಬೇಕಾದವರು ಅವರು.”

ಅವರು ಕೈಯಲ್ಲಿದ್ದ ಟಿಕೆಟ್ ಮೆಷಿನನ್ನು ಅತ್ತ ಇತ್ತ ತಿರುಗಿಸಿದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು.

“ಕನ್ನಡಕದ ವಿಷಯ ನನಗೆ ಬೇಸರ ಇಲ್ಲ ಮೇಡಂ. ಮಗು ನನ್ನ ಮರ್ಯಾದೆ ಉಳಿಸಲಿಕ್ಕೆ ಹೇಳಿದ್ದು. ಆದರೆ ಅಷ್ಟು ಉದ್ದದ ಇಂಗ್ಲಿಷ್ ಅವಳಿಗೆ ಗಡಿಬಿಡಿಯಲ್ಲಿ ಬರುವುದಿಲ್ಲ. ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ಅವಳ ಅಮ್ಮನ ಹತ್ತಿರ ಕೇಳಿದೆ. ಮೆಸೇಜು ಬಂದ ದಿನದಿಂದ ಬಚ್ಚಲಲ್ಲಿ ನಿಂತು ಹೇಳಿ ಹೇಳಿ ಕಲಿತದ್ದಂತೆ.”

ನಾನು ಕೈಯಲ್ಲಿದ್ದ ಟಿಕೆಟನ್ನು ಮಡಚಿದೆ, ಬಿಡಿಸಿದೆ.

“ಅಷ್ಟು ದಿನ ಆ ಮಗು ನಿದ್ದೆ ಮಾಡಿದ್ದಾಳೋ ಇಲ್ಲವೋ” ಎಂದರು. ರೈಟ್ ಹೇಳಲು ಎದ್ದು ಹೋದರು.

ಇಡೀ ವರ್ಷದಲ್ಲಿ ಅರ್ಥ ತಿಳಿದು ಆ ಹುಡುಗಿ ಕಲಿತ ಇಂಗ್ಲಿಷ್ ವಾಕ್ಯ ಬಹುಶಃ ಅದೊಂದೇ. ಅದಕ್ಕೆ ಯಾರೂ ನಕ್ಷತ್ರ ಕೊಡಲಿಲ್ಲ.

ಇತ್ತ ನಮ್ಮ ಎ ಸೆಕ್ಷನ್ ಮನೆಯ ಕತೆ ಕೇಳಿ. ಒಂದು ಸಂಜೆ ವರ್ಕ್‌ಶೀಟಿನಲ್ಲಿ ಪ್ರಶ್ನೆ: ಎರಡರಲ್ಲಿ ಒಂದು ದೊಡ್ಡದೋ, ನಾಲ್ಕರಲ್ಲಿ ಒಂದು ದೊಡ್ಡದೋ? ಸನ್ಮತಿ ಯೋಚಿಸದೆ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿದಳು.

“ಯಾಕೆ?”

“ನಾಲ್ಕು ದೊಡ್ಡದು ಅಲ್ವಾ?”

ನಾನು ಚಿತ್ರ ಬಿಡಿಸಿದೆ. ಡಿನಾಮಿನೇಟರ್ ಎಂದೆ, ನ್ಯೂಮರೇಟರ್ ಎಂದೆ. ಹೊತ್ತು ಕಂತುತ್ತಿತ್ತು, ಒಳಗೆ ಬಟ್ಟಲಿಡುವ ಸದ್ದು. ಮಗು ನನ್ನ ಮುಖ ನೋಡಿ ಉತ್ತರ ಬದಲಾಯಿಸುತ್ತಿದ್ದಳು. ಹುಬ್ಬು ಗಂಟಿಕ್ಕಿದರೆ ಇದು, ಸಡಿಲಾದರೆ ಅದು. ಅವಳು ಓದುತ್ತಿದ್ದದ್ದು ಲೆಕ್ಕವನ್ನಲ್ಲ, ನನ್ನನ್ನು. ಕೊನೆಗೆ ನಾನು ಪೆನ್ಸಿಲನ್ನು ಮೇಜಿನ ಮೇಲೆ ಕುಟ್ಟಿದೆ. ಅದರ ಮೊನೆ ಮುರಿಯಿತು. ಅವಳು ಅಳಲಿಲ್ಲ, ಸದ್ದಿಲ್ಲದೆ ಶಾರ್ಪ್‌ನರ್ ತೆಗೆದು ಮೊನೆ ಮಾಡತೊಡಗಿದಳು. ಅತ್ತಿದ್ದರೆ ವಾಸಿಯಿತ್ತು.

ಥರ್ಮೋಕೋಲಿನ ಎ ಸೆಕ್ಷನ್ ಇದು. ಒಳಗೆ ಏನೂ ಇಲ್ಲ.

ನನಗೆ ಬಾರದು ಎಂದು ಒಪ್ಪಿಕೊಂಡೆ. ಲೆಕ್ಕ ಬಾರದು ಅಂತಲ್ಲ, ಕಲಿಸಲು ಬಾರದು. ಬೆಳ್ತಂಗಡಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದರೆ ಅವಳು ನಕ್ಕಳು. “ನಿನಗೆ ಈಗ ಗೊತ್ತಾದದ್ದಾ? ನಮ್ಮವನನ್ನು ಎರಡನೇ ಕ್ಲಾಸಿನಿಂದಲೇ ಟ್ಯೂಷನ್‌ಗೆ ಹಾಕಿಯಾಗಿದೆ. ಇಲ್ಲಿ ಎಲ್ಲರೂ ಹಾಗೆಯೇ ಮಾರಾಯ್ತಿ.” ಟ್ಯೂಷನ್ ಎಂದರೆ ದಡ್ಡರಿಗೆ ಎಂದುಕೊಂಡಿದ್ದ ಕಾಲ ನಮ್ಮದು.

ಮರುದಿನ ಬಸ್ಸಿನಲ್ಲಿ ವಸಂತಣ್ಣನನ್ನು ಕೇಳಿದೆ, ಧನ್ಯಳನ್ನು ಎಲ್ಲಿಗಾದರೂ ಕಳಿಸುತ್ತೀರಾ ಎಂದು.

“ಹೌದು ಮೇಡಂ, ಮೆಲ್ಕಾರಿನ ಹತ್ತಿರ. ಈಗ ಪರವಾಗಿಲ್ಲ, ಲೆಕ್ಕ ಚಂದ ಮಾಡ್ತಾಳೆ. ಮನೆಯಲ್ಲಿ ಅವಳ ಅಮ್ಮನಿಗೇ ಹೇಳಿಕೊಡ್ತಾಳೆ.”

“ಯಾರು ಟೀಚರ್?”

ಅವರು ಸ್ವಲ್ಪ ಅನುಮಾನಿಸಿದರು. “ಶ್ವೇತಾ ಮಿಸ್. ನಿಮಗೆ ಗೊತ್ತಲ್ಲ.”

ಗೊತ್ತಿಲ್ಲದೆ ಏನು? ಶ್ವೇತಾ ಮಿಸ್ ಎಂದರೆ ಮಕ್ಕಳ ಕ್ಲಾಸ್ ಟೀಚರ್. ಎ, ಬಿ, ಸಿ ಮೂರೂ ಸೆಕ್ಷನಿಗೆ ಗಣಿತ ತೆಗೆದುಕೊಳ್ಳುವವರು. ಸಂಜೆ ನನ್ನ ಫೋನಿಗೆ ನಕ್ಷತ್ರ ಕಳಿಸುವವರೂ ಅವರೇ. ನಗದ ಹುಡುಗಿ, ಮೀಟಿಂಗಿನಲ್ಲಿ ನೆಲ ನೋಡುತ್ತಾ ಇಂಗ್ಲಿಷಿನಲ್ಲಿ ಮಾತ್ರ ಮಾತಾಡುವವರು. ಸನ್ಮತಿಗೆ ಅವರನ್ನು ಕಂಡರೆ ಭಯ.

ಆ ಶನಿವಾರ ಸಂಜೆ ಮಗಳನ್ನು ಕರೆದುಕೊಂಡು ಹೋದೆ. ಮೆಲ್ಕಾರಿನಿಂದ ಒಳಗೆ ಹೋಗುವ ರಸ್ತೆ, ಒಂದು ತಿರುವಿನ ಆಚೆ ಚಿಕ್ಕ ಹೆಂಚಿನ ಮನೆ. ಎದುರಿಗೆ ಮಕ್ಕಳ ಚಪ್ಪಲಿಗಳ ರಾಶಿ. ನಾವು ಗೇಟಿನ ಹತ್ತಿರ ಬರುವಾಗಲೇ ಒಳಗಿನಿಂದ ನಗು ಕೇಳಿತು. ಶ್ವೇತಾ ಮಿಸ್ ನಗುತ್ತಿದ್ದರು. ಸನ್ಮತಿ ನನ್ನ ಕೈ ಹಿಡಿದು ನಿಲ್ಲಿಸಿದಳು. “ಅಮ್ಮ, ಇದು ನಮ್ಮ ಮಿಸ್ಸಾ?”

ಜಗಲಿಯಲ್ಲಿ ಚಾಪೆ. ಅದರ ಮೇಲೆ ಕಾಲು ಮಡಚಿ ಕೂತ ಮಕ್ಕಳು, ಮಧ್ಯೆ ನೈಟಿಯ ಮೇಲೊಂದು ಶಾಲು ಹೊದ್ದ ಮಿಸ್. ಧನ್ಯ ಮುಂದಿನ ಸಾಲಿನಲ್ಲಿದ್ದಳು. ಮಿಸ್ ಕೇಳುತ್ತಿದ್ದರು, ತುಳುವಿನಲ್ಲಿ. ಒಂದು ಹಲಸಿನ ಹಣ್ಣು ಉಂಟು. ಇಬ್ಬರು ತಿಂದರೆ ಒಬ್ಬರಿಗೆ ಎಷ್ಟು, ನಾಲ್ಕು ಜನ ತಿಂದರೆ ಒಬ್ಬರಿಗೆ ಎಷ್ಟು?

“ವಾ ಪಾಲ್ ಮಲ್ಲ?” ಯಾವ ಪಾಲು ದೊಡ್ಡದು?

ಧನ್ಯ ಕೈಯೆತ್ತುವಷ್ಟೂ ತಡೆಯಲಿಲ್ಲ. “ಜನ ಜಾಸ್ತಿ ಆಂಡ ಪಾಲ್ ಎಲ್ಯ ಆಪುಂಡು ಮಿಸ್.”

ಜನ ಹೆಚ್ಚಾದರೆ ಪಾಲು ಸಣ್ಣದಾಗುತ್ತದೆ. ಮುಗಿಯಿತು. ಡಿನಾಮಿನೇಟರ್ ದೊಡ್ಡದಾದಷ್ಟೂ ಭಿನ್ನರಾಶಿ ಚಿಕ್ಕದು ಎಂದು ನಾನು ಪೆನ್ಸಿಲ್ ಮುರಿದು ಹೇಳಲಾಗದ್ದನ್ನು ಆ ಹುಡುಗಿ ಒಂದೇ ಉಸಿರಿಗೆ ಹೇಳಿದ್ದಳು. (ನಮ್ಮ ಕಡೆ ಪಾಲಿನ ಲೆಕ್ಕ ಗೊತ್ತಿಲ್ಲದ ಮನೆ ಉಂಟೇ? ಬಂಟ್ವಾಳದ ಕೋರ್ಟಿನ ಹೊರಗೆ ಅರ್ಧ ಗಂಟೆ ನಿಂತು ನೋಡಿ. ಅಲ್ಲಿ ಎಲ್ಲರೂ ಭಿನ್ನರಾಶಿಯಲ್ಲಿ ಫಸ್ಟ್ ಕ್ಲಾಸು.) ಸನ್ಮತಿ ನನ್ನ ಕೈ ಬಿಟ್ಟು ಮೆಟ್ಟಿಲು ಹತ್ತಿದಳು. ಧನ್ಯ ಸರಿದು ಚಾಪೆಯಲ್ಲಿ ಜಾಗ ಮಾಡಿದಳು.

ಶ್ವೇತಾ ಮಿಸ್ ನನ್ನನ್ನು ಕಂಡು ಎದ್ದು ನಿಂತರು. ಮುಖದ ನಗು ಹೋಯಿತು. ಶಾಲು ಸರಿಮಾಡಿಕೊಂಡು “ಗುಡ್ ಈವ್ನಿಂಗ್ ಮೇಡಂ” ಎಂದರು.

“ತುಳುವಿನಲ್ಲೇ ಮಾತಾಡಿ ಮಿಸ್. ಎಷ್ಟು ಚಂದ ಹೇಳಿಕೊಡ್ತೀರಿ ನೀವು.”

ಅವರು ನನ್ನನ್ನು ಅಂಗಳದ ಬದಿಗೆ ಕರೆದರು. ದನಿ ತಗ್ಗಿಸಿ ಹೇಳಿದರು, “ಮೇಡಂ, ಇಲ್ಲಿ ತುಳುವಿನಲ್ಲಿ ಹೇಳಿಕೊಡುವುದು ಶಾಲೆಯಲ್ಲಿ ಹೇಳಬೇಡಿ, ಆಯ್ತಾ? ಟ್ಯೂಷನ್ ಅವರಿಗೂ ಗೊತ್ತುಂಟು, ಅದಕ್ಕೆ ಏನೂ ಹೇಳುವುದಿಲ್ಲ. ತುಳು ಗೊತ್ತಾದರೆ ಕಷ್ಟ.” (ಹಾಗಾಗಿಯೇ ಇಲ್ಲಿ ಹೆಸರೂ ಊರೂ ಬದಲಿಸಿ ಬರೆದಿದ್ದೇನೆ.)

“ಶಾಲೆಯಲ್ಲಿ ಒಂದು ಸಲವೂ ಹೀಗೆ ಹೇಳುವ ಹಾಗಿಲ್ಲವಾ?”

“ಕ್ಲಾಸಿನಲ್ಲಿ ಕ್ಯಾಮೆರಾ ಉಂಟು. ಮಕ್ಕಳ ಬಾಯಿಂದ ತುಳು ಬಂದರೂ ನನ್ನನ್ನೇ ಕರೆಸ್ತಾರೆ. ಬೇರೆ ಶಬ್ದ ಹುಡುಕಿ ಹೇಳುವಷ್ಟರಲ್ಲಿ ಪೀರಿಯಡ್ ಮುಗೀತದೆ. ಪೋರ್ಷನ್ ಬಾಕಿ ಆಗ್ತದೆ. ಅದಕ್ಕೇ ಮನೆಗೆ ವರ್ಕ್‌ಶೀಟ್ ಕಳಿಸುವುದು ಮೇಡಂ. ನಾನೇನು ಮಾಡ್ಲಿ?”

“ಹಾಗಾದರೆ ಧನ್ಯಳನ್ನು ಎ ಸೆಕ್ಷನಿಗೆ ಹಾಕಬೇಕಲ್ಲ. ಇವಳಿಗಿಂತ ಅವಳಿಗೆ ಚೆನ್ನಾಗಿ ಗೊತ್ತುಂಟು.”

ಶ್ವೇತಾ ಮಿಸ್ ಜಗಲಿಯ ಕಡೆ ನೋಡಿದರು. “ಉತ್ತರ ಗೊತ್ತುಂಟು ಮೇಡಂ. ಟೆಸ್ಟಿನಲ್ಲಿ ಅವಳಿಗೆ ಪ್ರಶ್ನೆ ಅರ್ಥ ಆಗುವುದಿಲ್ಲ.”

ಇದನ್ನು ಅವರು ದುಃಖದಿಂದಲೂ ಹೇಳಲಿಲ್ಲ. ಇವತ್ತು ಕರೆಂಟಿಲ್ಲ ಎನ್ನುವ ಹಾಗೆ ಹೇಳಿದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಹಗಲು ತಡೆಹಿಡಿದದ್ದನ್ನು ಸಂಜೆ ಬಡಿಸುವ ಲೆಕ್ಕ ಇದು, ಅನುಮಾನವಿಲ್ಲ. ಆದರೆ ಅವರು ನಗುವುದನ್ನು ನೋಡಿದ್ದೆನಲ್ಲ. ಪಾಠ ಮಾಡುವುದೆಂದರೆ ಇಷ್ಟ ಇರುವವರ ನಗು ಅದು. ಅದನ್ನು ಇಡೀ ದಿನ ಹೊರಗೆ ಇಟ್ಟು ಕ್ಲಾಸಿಗೆ ಹೋಗುವ ಕಷ್ಟ ನನ್ನದಲ್ಲ, ಅವರದು.

ಸನ್ಮತಿ ಈಗ ಅಲ್ಲಿಗೆ ಹೋಗುತ್ತಿದ್ದಾಳೆ. ಹೌದು, ನಾನೂ ಬಾಯಿ ಮುಚ್ಚಿಕೊಂಡು ಕಳಿಸುತ್ತಿದ್ದೇನೆ. ಅತ್ತೆ ಈಗಲೂ ಒಬ್ಬರೇ ಉಣ್ಣುತ್ತಾರೆ. ಧನ್ಯ ಸಿ ಸೆಕ್ಷನ್‌ನಲ್ಲೇ ಇದ್ದಾಳೆ, ಈ ವರ್ಷ ಇನ್ನು ಬದಲಾವಣೆ ಇಲ್ಲವಂತೆ. ಹಗಲು ಬೇರೆ ಬೇರೆ ಕೋಣೆಯಲ್ಲಿ ಕೂರುವ ಎ ಸೆಕ್ಷನ್ ಮತ್ತು ಸಿ ಸೆಕ್ಷನ್ ಸಂಜೆ ಒಂದೇ ಚಾಪೆಯ ಮೇಲೆ ಕೂತು ಅದೇ ಟೀಚರಿಂದ ಅದೇ ಲೆಕ್ಕ ಕಲಿಯುತ್ತವೆ. ವಸಂತಣ್ಣನಿಗೆ ಅಷ್ಟೇ ಸಮಾಧಾನ. ನನಗೆ ಅದೂ ಇಲ್ಲ.

ಟೀಚರಿಗೆ ಕಲಿಸಲು ಬರುತ್ತದೆ, ಮಕ್ಕಳಿಗೆ ಕಲಿಯಲು ಬರುತ್ತದೆ. ಹಾಗಾದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಕಟ್ಟಡದೊಳಗೆ ನಡೆಯುತ್ತಿರುವುದೇನು?